ಎರಡು ಬೈ ಮೂರರ ನಗು

ನಾನು ಬಾಗಿಲು ದಾಟುವುದು ಅಡ್ಡಡ್ಡವಾಗಿ. ಮೊದಲು ಬಲ ಹೆಗಲು ಒಳಗೆ ಹೋಗುತ್ತದೆ, ಅದರ ಹಿಂದೆ ಹೊಟ್ಟೆ, ಕೊನೆಗೆ ಉಳಿದ ನಾನು. ಬಾಗಿಲು ಎಷ್ಟೇ ಅಗಲವಿರಲಿ, ಎರಡೂ ಕದ ತೆರೆದಿರಲಿ, ನನ್ನ ಪ್ರವೇಶ ಹೀಗೆಯೇ. ಸೇಡಂನ ಕಾಲೇಜೊಂದರಲ್ಲಿ ಇಪ್ಪತ್ತೆರಡು ವರ್ಷಗಳಿಂದ ಕನ್ನಡ ಹೇಳಿಕೊಡುತ್ತಿದ್ದೇನೆ. ನನ್ನ ಪಾಠ ಮರೆತ ಹುಡುಗರೂ ನನ್ನ ನಡಿಗೆ ಮರೆತಿಲ್ಲ. ಪ್ರತಿ ವರ್ಷದ ಗ್ಯಾದರಿಂಗಿನಲ್ಲಿ ಯಾರಾದರೊಬ್ಬರು ಹಾಜರಿ ಪುಸ್ತಕ ಎದೆಗವಚಿಕೊಂಡು ಏಡಿಯ ಹಾಗೆ ವೇದಿಕೆಗೆ ಬರುತ್ತಾರೆ, ಸಭೆ ಹೋ ಎನ್ನುತ್ತದೆ, ನಾನೂ ಮುಂದಿನ ಸಾಲಿನಲ್ಲಿ ಕುಳಿತು ದೊಡ್ಡ ಮನಸ್ಸಿನವಳಂತೆ ಚಪ್ಪಾಳೆ ತಟ್ಟುತ್ತೇನೆ. ಒಳಗೊಳಗೆ ಆ ಹುಡುಗನ ಇಂಟರ್ನಲ್ ಮಾರ್ಕ್ಸ್ ನೆನಪಿಗೆ ಬರುತ್ತಿರುತ್ತದೆ, ಅದು ಬೇರೆ ಮಾತು.

ಈ ನಡಿಗೆ ನನಗೆ ಬಂದದ್ದು ಅವ್ವನಿಂದ. ಅವ್ವ, ಅಂದರೆ ಸಾಬವ್ವ, ಮೂವತ್ತು ವರ್ಷ ಶಹಾಬಾದಿನ ಕಲ್ಲಿನ ಖಣಿಯಲ್ಲಿ ಫರ್ಸಿ ಹೊತ್ತವಳು. ಫರ್ಸಿ ಎಂದರೇನು ಎಂದು ನಿಮಗೆ ಹೇಳಬೇಕಾಗಿಲ್ಲ. ಈಗ ನೀವು ಕಾಲು ಊರಿ ಕುಳಿತಿರುವ ನೆಲವೇ ಅದಾಗಿರಬಹುದು. ನಮ್ಮ ಕಡೆಯಂತೂ ನೆಲ ಫರ್ಸಿ, ಗೋಡೆ ಫರ್ಸಿ, ಮನೆಯ ಮಾಳಿಗೆ ಫರ್ಸಿ, ಬಟ್ಟೆ ಒಗೆಯುವುದು ಫರ್ಸಿಯ ಮೇಲೆ, ಹರಟೆಗೆ ಕೂರುವುದೂ ಫರ್ಸಿಯ ಮೇಲೆ. ಎರಡು ಅಡಿ ಅಗಲ, ಮೂರು ಅಡಿ ಉದ್ದದ ಕಲ್ಲನ್ನು ಇಬ್ಬರು ಹೆಂಗಸರು ಅಂಚಿನ ಮೇಲೆ ನಿಲ್ಲಿಸಿ, ಅಂಗೈಗೆ ಗೋಣಿ ತುಂಡು ಸುತ್ತಿಕೊಂಡು, ಆ ತುದಿಗೊಬ್ಬರು ಈ ತುದಿಗೊಬ್ಬರು ಹಿಡಿದೆತ್ತುತ್ತಾರೆ. ಒಬ್ಬಳು ಮುಂದಕ್ಕೆ ನಡೆದರೆ ಇನ್ನೊಬ್ಬಳು ಹಿಂದಕ್ಕೆ ನಡೆಯಬೇಕು. ಖಣಿಯಲ್ಲಿ ಹಿಂದಕ್ಕೆ ನಡೆದವಳು ಮನೆಗೆ ನಡೆದು ಬರುವುದಿಲ್ಲ. ಅದಕ್ಕೆ ಇಬ್ಬರೂ ಅಡ್ಡ ತಿರುಗಿ, ಪಕ್ಕಪಕ್ಕಕ್ಕೆ ಹೆಜ್ಜೆ ಹಾಕುತ್ತಾರೆ. ಸಂಜೆ ಬರಿಗೈಯಲ್ಲಿ ಮನೆಗೆ ಬಂದರೂ ಅವ್ವ ಬಾಗಿಲು ದಾಟುತ್ತಿದ್ದುದು ಅಡ್ಡಡ್ಡವಾಗಿಯೇ. ಮನೆಯೊಳಗೆ ಹೋಗುವ ಕ್ರಮವೇ ಇದು ಎಂದು ನಾನು ಕಲಿತುಕೊಂಡೆ. ಇನ್ನೂ ಬಿಟ್ಟಿಲ್ಲ, ಬಿಡುವ ಆಸೆಯೂ ಇಲ್ಲ.

ಶಾಲೆಯ ದಿನಗಳಲ್ಲಿ ಮಧ್ಯಾಹ್ನ ಅವ್ವನಿಗೆ ಬುತ್ತಿ ಒಯ್ಯುವುದು ನನ್ನ ಕೆಲಸ. ನಾನು ಹೋಗುವ ಹೊತ್ತಿಗೆ ಹೆಂಗಸರೆಲ್ಲ ಬೇವಿನ ಗಿಡದ ಕೆಳಗೆ ಕುಳಿತು ನಗುತ್ತಿರುತ್ತಿದ್ದರು. ನಗು ಎಂದರೆ ಅಂತಿಂಥ ನಗುವಲ್ಲ. ರೊಟ್ಟಿ ನೆತ್ತಿಗೇರಿ, ಸೆರಗಿನಿಂದ ಕಣ್ಣೊರೆಸಿಕೊಂಡು, ಒಬ್ಬರ ಬೆನ್ನು ಒಬ್ಬರು ಗುದ್ದಿಕೊಂಡು ನಗುವ ನಗು. ಎಲ್ಲರಿಗಿಂತ ಜೋರು ನಗುವವಳು ಕಾಶಿಂಬಿ ಖಾಲಾ, ಅವ್ವ ಹಿಡಿದ ಕಲ್ಲಿನ ಇನ್ನೊಂದು ತುದಿ ಅವಳದು. ಬುತ್ತಿ ಗಂಟು ಖಾಲಿಯಾದ ಕೂಡಲೇ ಅವ್ವ ನನ್ನನ್ನು ಓಡಿಸುತ್ತಿದ್ದಳು. ಕಲ್ಲು ಎತ್ತುವುದನ್ನು ನಿಂತು ನೋಡಲು ಒಮ್ಮೆಯೂ ಬಿಡಲಿಲ್ಲ. ಹಾಗಾಗಿ ನನ್ನ ಲೆಕ್ಕದಲ್ಲಿ ಖಣಿ ಎಂದರೆ ಇಡೀ ದಿನ ನಗುವ ಜಾಗ. ದೊಡ್ಡವಳಾದ ಮೇಲೆ ಏನಾಗುತ್ತೀ ಎಂದು ಮಾಸ್ತರರು ಕೇಳಿದಾಗ, "ಖಣಿಗಿ ಹೋಗ್ತೀನ್ರಿ" ಎಂದಿದ್ದೆ. ಆ ಮಾತು ಅವ್ವನ ಕಿವಿಗೆ ಬಿದ್ದ ಸಂಜೆ ನನಗೆ ಬಿದ್ದ ಏಟಿನಿಂದಲೇ ನಾನು ಎಂ.ಎ. ಮುಗಿಸಿದ್ದು ಎಂದು ಈಗಲೂ ನಂಬಿದ್ದೇನೆ.

ನೃತ್ಯದ ಬಗ್ಗೆ ಬರೆಯಲು ಹೊರಟು ಬುತ್ತಿಯ ಬಳಿ ನಿಂತಿದ್ದೇನೆ. ಇರಲಿ, ಅದೂ ದೂರವಿಲ್ಲ. ನೃತ್ಯ ನಮಗೆ ಹೊಸದು ಎಂದು ಹೇಳುವವರನ್ನು ಏಪ್ರಿಲ್ ತಿಂಗಳ ನಡುಹಗಲು ಬರಿಗಾಲಲ್ಲಿ ಶಹಾಬಾದಿನ ಫರ್ಸಿ ಅಂಗಳದಲ್ಲಿ ನಿಲ್ಲಿಸಬೇಕು. ಆ ಅಂಗಳ ದಾಟಲು ನಮ್ಮ ಮನೆಯಲ್ಲಿ ಒಬ್ಬೊಬ್ಬರದು ಒಂದೊಂದು ಶೈಲಿ ಇತ್ತು. ಅಪ್ಪ ಹಿಮ್ಮಡಿಯ ಮೇಲೆ ನಡೆಯುತ್ತ, ತನಗೇನೂ ಆಗಿಲ್ಲವೆಂಬಂತೆ ಬೀಡಿ ಹುಡುಕುತ್ತಿದ್ದ. ತಂಗಿ ಮೂರು ಹಾರಿಗೆ ತುಳಸಿ ಇಲ್ಲದ ನಮ್ಮ ಅಂಗಳದ ನೀರಿನ ಹಂಡೆ ಮುಟ್ಟುತ್ತಿದ್ದಳು. ನಾನು ಅರ್ಧ ದಾರಿಯಲ್ಲಿ ನಿಂತು ಅಳುತ್ತಿದ್ದೆ. ಅದೂ ಒಂದು ಶೈಲಿಯೇ.

ಆ ತಂಗಿಯ ಮಗಳು ಗೌತಮಿ. ಸೇಡಂನಿಂದ ಹೈದರಾಬಾದಿಗೆ ಬಸ್ಸಿನಲ್ಲಿ ಓಡಾಡಿ, ಅಲ್ಲೇ ಒಂದಿಷ್ಟು ಕಾಲ ಇದ್ದು, ಮೂರು ವರ್ಷ ಸಮಕಾಲೀನ ನೃತ್ಯ ಕಲಿತು ಬಂದಳು. ಈಗ ಚಿತ್ತಾಪುರದ ಶಾಲೆಯೊಂದರಲ್ಲಿ ಮಕ್ಕಳಿಗೆ ಕುಣಿತ ಕಲಿಸುತ್ತಾಳೆ. ಅಲ್ಲಿ ಎಲ್ಲರಿಗೂ ಬೇಕಾದದ್ದು ಸಿನಿಮಾ ಹಾಡು. ತನ್ನದೇ ಒಂದು ಕೃತಿಯನ್ನು ದೊಡ್ಡ ವೇದಿಕೆಯ ಮೇಲೆ, ಸರಿಯಾದ ಬೆಳಕಿನಲ್ಲಿ, ಒಮ್ಮೆ ಆಡಬೇಕೆಂಬುದು ಅವಳ ಆಸೆ. ಹೋದ ವರ್ಷ ರಜೆಗೆಂದು ನಮ್ಮ ಮನೆಗೆ ಬಂದವಳು ಅಡುಗೆಮನೆಯಲ್ಲಿ ಅವ್ವನ ಬೆನ್ನು ಹತ್ತಿದಳು.

"ಆಯಿ, ಕಲ್ಲು ಹೆಂಗ ಎತ್ತತಿದ್ರಿ? ಜರಾ ತೋರ್ಸು."

"ಕಲ್ಲು ಎಲ್ಲದ? ಸುಮ್ಕ ಕುಂದ್ರು" ಎಂದಳು ಅವ್ವ.

"ಕಲ್ಲು ಅದಂತ ತಿಳಿ."

ಅವ್ವ ಕೈಯಲ್ಲಿದ್ದ ಲಟ್ಟಣಿಗೆ ಕೆಳಗಿಟ್ಟಳು. ಮಂಡಿ ನೋವಿನ ಹೆಂಗಸು, ಬಾಗಿ ಗಾಳಿಯ ಅಂಚನ್ನು ಹಿಡಿದಳು. ಗೌತಮಿ ಇನ್ನೊಂದು ತುದಿ ಹಿಡಿದಳು. ಇಬ್ಬರೂ ಒಲೆಯ ಬಳಿಯಿಂದ ಪಡಸಾಲೆಯವರೆಗೆ ಅಡ್ಡಡ್ಡ ನಡೆದು ಬಂದರು. ಬಾಗಿಲಲ್ಲಿ ನಿಂತಿದ್ದ ನಾನು ದಾರಿ ಬಿಟ್ಟೆ. ಇಲ್ಲದ ಕಲ್ಲಿಗೆ ಯಾಕೆ ದಾರಿ ಬಿಟ್ಟೆ ಎಂದು ಆಮೇಲೆ ನನಗೇ ಆಶ್ಚರ್ಯವಾಯಿತು.

ಆರು ತಿಂಗಳಲ್ಲಿ ಅದು ಹದಿನೆಂಟು ನಿಮಿಷದ ಕೃತಿಯಾಯಿತು. ಹೆಸರು "ಎರಡು ಬೈ ಮೂರು". ಆಡುವವರು ಗೌತಮಿ ಮತ್ತು ಅವಳ ಗೆಳತಿ ಅನಿತಾ. ಹಾಡಿಲ್ಲ, ಕಲ್ಲೂ ಇಲ್ಲ. ನಾಲ್ಕು ಕೈಗಳ ನಡುವಿನ ಅಂತರ ಮಾತ್ರ ಒಂದು ಬೆರಳಿನಷ್ಟೂ ಹೆಚ್ಚು ಕಡಿಮೆಯಾಗುವುದಿಲ್ಲ. ಐದು ನಿಮಿಷ ಅದನ್ನೇ ನೋಡುತ್ತ ಕುಳಿತರೆ ನಿಮಗೆ ಕಲ್ಲು ಕಾಣತೊಡಗುತ್ತದೆ. ಆಮೇಲೆ ಗೌತಮಿಯ ಮೂಗು ತುರಿಸುತ್ತದೆ. ಕೈ ಬಿಡುವಂತಿಲ್ಲ. ಮೂಗನ್ನು ಹೆಗಲಿಗೆ ತಾಗಿಸಲು ಅವಳು ಹೊರಳುತ್ತಾಳೆ, ಅವಳು ಹೊರಳಿದರೆ ಕಲ್ಲು ಹೊರಳುತ್ತದೆ, ಕಲ್ಲು ಹೊರಳಿದರೆ ಆ ತುದಿಯ ಅನಿತಾ ಹೊರಳಲೇಬೇಕು. ತುರಿಕೆ ಒಬ್ಬಳದು, ಫಜೀತಿ ಇಬ್ಬರದು. ಇನ್ನೊಮ್ಮೆ ಅನಿತಾ ಬೇಕೆಂದೇ ಮೂರು ಪುಟ್ಟ ಹೆಜ್ಜೆ ಓಡಿ ಗಕ್ಕನೆ ನಿಲ್ಲುತ್ತಾಳೆ. ಆ ಚೇಷ್ಟೆ ಕಲ್ಲಿನ ಮೂಲಕ ದಾಟಿ ಗೌತಮಿಯನ್ನು ಜಗ್ಗುತ್ತದೆ. ಇಷ್ಟೆಲ್ಲ ಆದರೂ ಇಬ್ಬರ ಮುಖದಲ್ಲಿ ಒಂದು ಗೆರೆ ಅಲುಗುವುದಿಲ್ಲ.

ಕೊನೆಗೆ ಮುಕಾದಮನ ಪ್ರಸಂಗ. ಕೆಲಸದವರ ಮೇಲೆ ನಿಂತು ಹುಕುಂ ಮಾಡುವ ಆ ಮುಕಾದಮ ವೇದಿಕೆಯ ಮೇಲೆ ಇಲ್ಲ, ಅವನು ಬೆರಳು ತೋರಿಸಿದ ದಿಕ್ಕಿಗೆ ಇವರ ಕತ್ತು ತಿರುಗುವುದಷ್ಟೇ ಕಾಣುತ್ತದೆ. ಕಲ್ಲು ಇಲ್ಲಿ ಬೇಡ, ಅಲ್ಲಿ. ಅಲ್ಲಿಯೂ ಬೇಡ, ಆಚೆ. ಮೂರನೆಯ ಸಲ ಅವರು ಅದನ್ನು ಎಲ್ಲಿಂದ ಎತ್ತಿದ್ದರೋ ಅಲ್ಲೇ ತಂದಿಡುತ್ತಾರೆ.

ನಾನು ಪಾಠ ಹೇಳುವವಳು, ನಗು ಬಂದರೆ ಸುಮ್ಮನೆ ನಕ್ಕು ಬಿಡುವ ಜಾತಿ ಅಲ್ಲ. ಯಾಕೆ ಬಂತು ಎಂದು ಬಿಡಿಸಿ ನೋಡಬೇಕು. ಬಿಡಿಸಿ ನೋಡಿದಾಗ ತಿಳಿದದ್ದು ಇಷ್ಟು. ಆ ಮೂಗಿನ ತುರಿಕೆಗೆ ನಗು ಬರಬೇಕಾದರೆ ಕಲ್ಲು ಭಾರವಿದೆ ಎಂದು ನೋಡುವವರು ಮೊದಲು ನಂಬಿರಬೇಕು. ಭಾರ ನಂಬದವನಿಗೆ ಅದು ಇಬ್ಬರು ಹುಡುಗಿಯರ ಹುಚ್ಚಾಟ. ಸಭೆ ನಕ್ಕಿತು ಎಂದರೆ ಅವರ ಹೆಗಲ ಮೇಲೂ ಕಲ್ಲಿನ ತೂಕ ಸ್ವಲ್ಪ ಬಿದ್ದಿದೆ ಎಂದೇ ಅರ್ಥ.

ಇದೆಲ್ಲ ಈಗ ಹೇಳುತ್ತಿರುವ ಮಾತು. ಹೇಳಬೇಕಾದ ಹೊತ್ತಿನಲ್ಲಿ ನಾನು ಹೇಳಲಿಲ್ಲ.

ಕಲಬುರಗಿಯಲ್ಲಿ ಒಂದು ದೊಡ್ಡ ಕಲಾ ಉತ್ಸವಕ್ಕೆ ಆಯ್ಕೆ ನಡೆದಿತ್ತು. ಗೌತಮಿಯ ತಂಡದ ಹಿರಿಯಳು ಎಂದು ಅರ್ಜಿಗೆ ಸಹಿ ಹಾಕಿದವಳು ನಾನು. ಕೃತಿಯ ಬಗ್ಗೆ ಎರಡು ಪುಟದ ಟಿಪ್ಪಣಿ ಬೇಕೆಂದಿದ್ದರು, ಅದನ್ನೂ ನಾನೇ ಬರೆದೆ. "ಶ್ರಮಜೀವಿಗಳ ಮೂಕವೇದನೆಯ ದೈಹಿಕ ಅಭಿವ್ಯಕ್ತಿ" ಎಂದು ಶುರುವಾಗುವ ಟಿಪ್ಪಣಿ. ನಗು ಎಂಬ ಪದವೇ ಅದರಲ್ಲಿರಲಿಲ್ಲ. ಎಂಥ ಹೇಡಿತನ ನೋಡಿ. ಎರಡು ಪುಟ ಬರೆದು ಅವ್ವನ ಬದುಕನ್ನು ಒಂದು ಒದ್ದೆ ಕರವಸ್ತ್ರ ಮಾಡಿಟ್ಟಿದ್ದೆ.

ಆಯ್ಕೆಯ ದಿನ ಸಭಾಂಗಣದಲ್ಲಿ ನೂರು ಮಂದಿ ಇದ್ದಿರಬೇಕು. ಮೂಗಿನ ತುರಿಕೆಗೆ ನಕ್ಕರು, ಮೂರು ಹೆಜ್ಜೆಗೆ ನಕ್ಕರು, ಮುಕಾದಮನ ಬೆರಳಿಗಂತೂ ಕುರ್ಚಿ ತಟ್ಟಿ ನಕ್ಕರು. ಕೃತಿಗಳನ್ನು ಆರಿಸಲು ಉತ್ಸವದವರು ಕರೆಸಿದ್ದ ಸಲಹೆಗಾರರೊಬ್ಬರಿದ್ದರು, ಅವರೂ ನಕ್ಕರು, ನಾನು ಕಣ್ಣಾರೆ ನೋಡಿದ್ದೇನೆ. ಕನ್ನಡಕ ಹಣೆಗೇರಿಸಿ ಕಣ್ಣೊರೆಸಿಕೊಂಡರು. ಆಟ ಮುಗಿದ ಮೇಲೆ ಆ ನಗುವಿಗೆ ಅವರಿಗೇ ನಾಚಿಕೆಯಾಗಿರಬೇಕು. ನಮ್ಮನ್ನು ಪಕ್ಕಕ್ಕೆ ಕರೆದು ಬಹಳ ಮೃದುವಾಗಿ ಹೇಳಿದರು:

"ಮೇಡಂ, ನೀವು ಬರೆದ ಟಿಪ್ಪಣಿ ಅದ್ಭುತವಾಗಿದೆ. ಕೃತಿ ಮಾತ್ರ ಅದಕ್ಕೆ ತಕ್ಕಂತಿಲ್ಲ. ಕಾರ್ಮಿಕರ ಬವಣೆಯನ್ನು ನೋಡಿ ಜನ ನಗುವುದೆಂದರೆ ಏನು? ಇದು ಅವರಿಗೆ ಮಾಡಿದ ಅವಮಾನ. ಹುಡುಗಿಯರ ಮುಖದಲ್ಲಿ ಭಾವವೇ ಇಲ್ಲ. ಆ ತುರಿಕೆ, ಆ ಓಟ ತೆಗೆದುಬಿಡಿ. ಮೂರನೆಯ ಸಲ ಒಬ್ಬಳು ಕುಸಿದು ಬೀಳಲಿ. ಅಲ್ಲೊಂದು ಕೊಳಲು ಬರಲಿ. ಸೋಮವಾರದೊಳಗೆ ತಿಳಿಸಿ, ಮುಖ್ಯ ವೇದಿಕೆಯಲ್ಲೇ ಅವಕಾಶ ಕೊಡುತ್ತೇವೆ."

ನಾನು ತಲೆಯಾಡಿಸಿದೆ. ಆಗಲಿ ಎಂದು ತಲೆಯಾಡಿಸಿದೆ.

ಬಸ್ಸು ಹತ್ತಿ ಕುಳಿತ ಕೂಡಲೇ ಗೌತಮಿ ಕೇಳಿದಳು. "ದೊಡ್ಡವ್ವ, ನೀ ಯಾಕ ಗೋಣು ಹಾಕಿದಿ?"

"ದೊಡ್ಡ ವೇದಿಕಿ ಅದ, ನಿನಗ ಹೆಸರು ಬರ್ತದಂತ."

"ಅವ್ರು ಹೇಳಿದ್ದು ಖರೇ ಇದ್ರ? ನಾವು ಆಯಿ ಮಂದೀಗಿ ಮಜಾಕ್ ಮಾಡ್ಲಿಕತ್ತೀವೇನು?"

ಅದನ್ನು ತಿಳಿಯುವ ದಾರಿಯನ್ನೂ ಅವಳೇ ಹೇಳಿದಳು. "ಕಲ್ಲು ಎತ್ತಿದವ್ರಿಗೇ ತೋರ್ಸೋಣ. ಅವ್ರಿಗಿ ಬ್ಯಾಸರ ಆಯ್ತಂದ್ರ ನಾನೇ ಕತ್ತರಸ್ತೀನಿ. ಕೊಳಲೂ ಹಾಕ್ತೀನಿ, ಬಿದ್ದೂ ಬೀಳ್ತೀನಿ."

ಹಾಗೆ ಭಾನುವಾರ ಬೆಳಿಗ್ಗೆ ಶಹಾಬಾದಿಗೆ ಹೋದೆವು. ಅವ್ವನನ್ನೂ ಕರೆದೊಯ್ದೆವು, ಮಂಡಿ ನೋವಿನಿಂದ ಅವಳು ಅಲ್ಲಿಯವರೆಗೆ ಕೃತಿಯನ್ನು ನೋಡಿರಲಿಲ್ಲ. ರಜೆಯ ದಿನವಾದ್ದರಿಂದ ಕಲ್ಲು ಪಾಲಿಶ್ ಮಾಡುವ ಶೆಡ್ಡೊಂದರ ಅಂಗಳ ಖಾಲಿ ಇತ್ತು. ನಲವತ್ತು ಐವತ್ತು ಮಂದಿ ಬಂದು ಕುಳಿತರು, ಅರ್ಧಕ್ಕರ್ಧ ಅವ್ವನ ಕಾಲದವರು, ಉಳಿದವರು ಈಗಲೂ ಕಲ್ಲು ಎತ್ತುವವರು. ಮುಂದೆ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕಾಲು ಚಾಚಿ ಕಾಶಿಂಬಿ ಖಾಲಾ, ಅವಳ ಪಕ್ಕದಲ್ಲಿ ಅವ್ವ.

ಹುಡುಗಿಯರು ಕಲ್ಲು ಎತ್ತಿದರು. ಅಂಗಳ ಗಪ್ಪಾಯಿತು. ಮೂಗು ತುರಿಸಿತು. ಯಾರೂ ನಗಲಿಲ್ಲ. ಅನಿತಾ ಮೂರು ಹೆಜ್ಜೆ ಓಡಿ ನಿಂತಳು. ಒಬ್ಬರ ತುಟಿಯೂ ಅಲುಗಲಿಲ್ಲ. ನಾನು ಸಾಲು ಸಾಲಾಗಿ ಮುಖಗಳನ್ನು ನೋಡಿದೆ. ಎಲ್ಲರದೂ ಒಂದೇ ಮುಖ, ಬಿಗಿದ ಮುಖ. ಕಾಶಿಂಬಿ ಖಾಲಾ ಕುರ್ಚಿಯ ತೋಳು ಗಟ್ಟಿಯಾಗಿ ಹಿಡಿದಿದ್ದಳು. ಅವ್ವ ಹಲ್ಲು ಕಚ್ಚಿಕೊಂಡಿದ್ದಳು. ಮುಕಾದಮನ ಬೆರಳು ಅಲ್ಲಿ ತೋರಿಸಿತು, ಇಲ್ಲಿ ತೋರಿಸಿತು. ಕಲಬುರಗಿಯಲ್ಲಿ ಕುರ್ಚಿ ತಟ್ಟಿಸಿದ ಆ ಘಳಿಗೆಗೆ ಇಲ್ಲಿ ಒಂದು ಕೆಮ್ಮೂ ಇಲ್ಲ. ಸಲಹೆಗಾರರು ಹೇಳಿದ್ದೇ ಸರಿ, ನಮ್ಮವರನ್ನೇ ಕೂರಿಸಿ ನಾವು ಅವಮಾನ ಮಾಡಿದೆವು ಎಂದುಕೊಂಡೆ. ಗೌತಮಿಗೂ ಗೊತ್ತಾಗಿತ್ತು. ಅವಳ ಕತ್ತಿನ ನರ ಉಬ್ಬಿತ್ತು, ಹೆಜ್ಜೆ ಮಾತ್ರ ತಪ್ಪಲಿಲ್ಲ.

ಕಡೆಗೆ ಅವರು ಎತ್ತಿದ ಜಾಗಕ್ಕೇ ಬಂದು, ಬಾಗಿ, ಕಲ್ಲಿನ ಒಂದು ಅಂಚು ನೆಲಕ್ಕೆ ತಾಗಿಸಿ, ಮೆಲ್ಲಗೆ ಮಲಗಿಸಿ, ಬೆರಳು ಬಿಡಿಸಿಕೊಂಡರು.

ಅಂಗಳ ಸಿಡಿಯಿತು. ನಗು ಎಂದರೆ ಆ ನಗು. ಒಬ್ಬ ಮುದುಕ ಮುಂದಿನವನ ಬೆನ್ನಿನ ಮೇಲೆ ಬಿದ್ದು ನಕ್ಕ. ಹೆಂಗಸರು ಸೆರಗು ಬಾಯಿಗಿಟ್ಟುಕೊಂಡರು. ಯಾರೋ ಮೂಗು ತುರಿಸುವುದನ್ನು ಮಾಡಿ ತೋರಿಸಿದರು, ಇನ್ನೊಬ್ಬರು ಮುಕಾದಮನ ಬೆರಳು ಎತ್ತಿದರು, ನಗು ಮತ್ತೆ ಏರಿತು. ಹದಿನೆಂಟು ನಿಮಿಷ ಕೂಡಿಟ್ಟುಕೊಂಡದ್ದೆಲ್ಲ ಒಟ್ಟಿಗೆ ಹೊರಗೆ ಬಂತು.

ನಾನು ಅವ್ವನ ಬಳಿ ಹೋಗಿ ಕೇಳಿದೆ. "ಆಗ ಯಾಕ ನಗಲಿಲ್ಲವ್ವಾ?"

ಅವ್ವ ನನ್ನನ್ನು ದಡ್ಡಿಯನ್ನು ನೋಡುವಂತೆ ನೋಡಿದಳು. "ಕಲ್ಲು ಕೈಯಾಗ ಇದ್ದಾಗ ಯಾರ ನಗ್ತಾರ? ನಕ್ರ ಹಿಡಿತ ತಪ್ಪತದ. ಕಲ್ಲು ಎತ್ತಿದವ್ರ ಮುಂದ ನಿಂತವ್ರೂ ನಗಬಾರ್ದು. ಕೆಳಗ ಇಟ್ಟಮ್ಯಾಲ ಬೇಕಾದಷ್ಟು ನಗು."

ಕಾಶಿಂಬಿ ಖಾಲಾ ಚಾಚಿದ್ದ ಕಾಲು ಮೇಲೆತ್ತಿ ತೋರಿಸಿದಳು. ಹೆಬ್ಬೆರಳ ಪಕ್ಕದ ಬೆರಳು ಅರ್ಧ ಇರಲಿಲ್ಲ. "ನೋಡವ್ವಾ, ನಾ ಹಿಂಗೇ ಮೂರು ಹೆಜ್ಜಿ ಓಡ್ದೆ, ನಿಮ್ಮವ್ವ ನಕ್ಕುಬಿಟ್ಟಳು. ಇಕೀ ನಗಿ ಭಾಳ ತುಟ್ಟಿ."

"ನೀ ಯಾಕ ನಗಿಸ್ದಿ?" ಎಂದಳು ಅವ್ವ. ಇಬ್ಬರೂ ಒಬ್ಬರ ಬೆನ್ನು ಒಬ್ಬರು ಗುದ್ದಿಕೊಂಡು ನಕ್ಕರು. ಬೇವಿನ ಗಿಡದ ಕೆಳಗಿನ ಆ ನಗು ಇಡೀ ಬೆಳಗಿನ ಹೊರೆ ಇಳಿಸಿದ ನಗು ಎಂದು ತಿಳಿಯಲು ನನಗೆ ನಲವತ್ತು ವರ್ಷ ಮತ್ತು ಒಂದು ಪಿಎಚ್.ಡಿ. ಬೇಕಾಯಿತು. ಅಡುಗೆಮನೆಯಲ್ಲಿ ಅವ್ವ ತೋರಿಸಿದ ಆ ಬಿಗಿದ ಮುಖವನ್ನು ಗೌತಮಿ ಅರ್ಥ ಗೊತ್ತಿಲ್ಲದೆಯೇ ಹಾಗೇ ಎತ್ತಿ ತಂದಿದ್ದಳು. ಅದನ್ನೇ ಸಲಹೆಗಾರರು ಭಾವವಿಲ್ಲದ ಮುಖ ಎಂದಿದ್ದರು.

ನನಗೆ ಸಿಟ್ಟು ಬಂತು. ಅವರ ಮೇಲೆ ಅರ್ಧ, ನನ್ನ ಟಿಪ್ಪಣಿಯ ಮೇಲೆ ಅರ್ಧ. ಬೆರಳು ಕಳೆದುಕೊಂಡವಳು ಅದನ್ನು ತೋರಿಸಿ ನಗುತ್ತಿರುವಾಗ ಅವಳ ಪರವಾಗಿ ಅಳಲು ನಮಗೆ ಹಕ್ಕು ಕೊಟ್ಟವರು ಯಾರು? ಕುಸಿದು ಬೀಳಬೇಕಂತೆ. ಮೂವತ್ತು ವರ್ಷ ಬೀಳದೆ ನಿಂತವರ ಕತೆಯಲ್ಲಿ, ನೋಡುವವರ ಸಮಾಧಾನಕ್ಕೆ, ಒಬ್ಬಳು ಬೀಳಬೇಕಂತೆ.

ಸೋಮವಾರ ಬೆಳಿಗ್ಗೆ ನಾನೇ ಫೋನ್ ಮಾಡಿದೆ. ಅವ್ವ ಪಕ್ಕದಲ್ಲಿ ಕುಳಿತು ಕಡಲೆ ಹಸನು ಮಾಡುತ್ತಿದ್ದಳು. ಒಂದು ಹೆಜ್ಜೆಯನ್ನೂ ತೆಗೆಯುವುದಿಲ್ಲ, ಕೊಳಲು ಬೇಡ, ನನ್ನ ಟಿಪ್ಪಣಿಯನ್ನು ದಯವಿಟ್ಟು ಹರಿದು ಹಾಕಿ ಎಂದೆ. ಅವರಿಗೆ ನಿಜಕ್ಕೂ ಬೇಸರವಾಯಿತು. "ಹಾಗಾದರೆ ಪಟ್ಟಿಯಿಂದ ಹೆಸರು ಬಿಡಬೇಕಾಗುತ್ತದೆ ಮೇಡಂ. ಒಂದು ಹನಿ ಕಣ್ಣೀರಿಲ್ಲದೆ ಇದು ಕಾರ್ಮಿಕರ ಬದುಕು ಹೇಗಾಗುತ್ತದೆ, ನೀವೇ ಹೇಳಿ" ಎಂದರು.

ಫೋನಿನ ದನಿ ಜೋರಾಗಿತ್ತು, ಅವ್ವನಿಗೆ ಕೇಳಿಸಿತು. ಮೊರ ಬದಿಗಿಟ್ಟು ಕೈ ಚಾಚಿದಳು. ಕೊಟ್ಟೆ.

"ಸಾಹೇಬ್ರ, ಶರಣ್ರಿ. ನಾ ಸಾಬವ್ವ ಮಾತಾಡ್ಲಿಕತ್ತೀನಿ, ಕಲ್ಲು ಹೊತ್ತಾಕಿ. ನಾವು ಅತ್ತಿದ್ದು ನಮ್ಮ ಮನ್ಯಾಗ ಅದರಿ, ಅದು ಮಂದೀಗಿ ತೋರ್ಸೂದಲ್ಲ. ಹೊರಗ ಕೊಡ್ಲಿಕ್ಕ ನಮ್ಮತ್ರ ನಗಿ ಅಷ್ಟೇ ಅದ. ಬೇಕಂದ್ರ ತಗೋರಿ, ಬ್ಯಾಡಂದ್ರ ಬಿಡ್ರಿ."

ಅವರು ಬಿಟ್ಟರು. ಸಂಜೆ ಬಂದ ಪಟ್ಟಿಯಲ್ಲಿ ನಮ್ಮ ಹೆಸರಿರಲಿಲ್ಲ. ಗೌತಮಿಗೆ ಫೋನ್ ಮಾಡಿ ಎಲ್ಲವನ್ನೂ ಹೇಳಿದೆ. ಆ ದೀಪಗಳು, ಆ ಅಗಲದ ವೇದಿಕೆ ಎಲ್ಲ ಅವಳ ಕಣ್ಣ ಮುಂದೆ ಆರುತ್ತಿರಬೇಕು ಎಂದುಕೊಂಡೆ.

"ಆಯಿ ಖರೇ ಹಂಗಂದಳಾ?" ಎಂದಳು.

"ಹಂಗೇ ಅಂದಳು."

"ಹಂಗಾರ ಬರೂ ಐತಾರ ವಾಡಿಗಿ ಹೋಗೋಣ ದೊಡ್ಡವ್ವ. ಅಲ್ಲೀ ಖಣಿ ಮಂದಿ ನಮಗೂ ತೋರಸ್ರಿ ಅಂದಾರ."

"ಅಲ್ಲಿ ವೇದಿಕಿ ಎಲ್ಲದ?" ಎಂದೆ.

"ನೆಲಾ ಅದಲ್ಲ" ಎಂದಳು ಗೌತಮಿ.